ಹಳೆಯ ಮೋಟರ್‌ಸೈಕಲ್, ಹಳೆಯ ಬಿಡಿಭಾಗ: ಬೆಳಗಾವಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಗ್ಯಾರೇಜುಗಳ ಮುಂದೆ, ಲೇಥ್ ಅಂಗಡಿಗಳ ಕಟ್ಟೆಯ ಮೇಲೆ, ಭಾನುವಾರದ ಸವಾರಿಯ ನಡುವಿನ ಚಹಾದ ಹೊತ್ತಿನಲ್ಲಿ, ಬಾಗಲಕೋಟೆ ಮತ್ತು ವಿಜಯಪುರದ ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ, ಎಂಜಿನ್ ಬಿಚ್ಚಿ ಕೂತವರ ಪ್ರಶ್ನೆಗಳು ಕೊನೆಗೆ. ಎಲ್ಲ ಉತ್ತರಗಳ ಹಿಂದೆ ಇರುವ ನಂಬಿಕೆ ಒಂದೇ: ಕಾರ್ಖಾನೆಯಿಂದ ಗಾಡಿಯ ಜೊತೆಗೇ ಬಂದ ಭಾಗವನ್ನು ಮೊದಲು ದುರಸ್ತಿ ಮಾಡಲು ನೋಡಬೇಕು, ಅದು ಆಗದಿದ್ದರೆ ಅದೇ ಕಾಲದ ಭಾಗವನ್ನು ಹುಡುಕಬೇಕು, ಅದೂ ಸಿಗದಿದ್ದಾಗ ಮಾತ್ರ ಹೊಸದಾಗಿ ಮಾಡಿಸಬೇಕು.

## ಹೊಸಬರ ಪ್ರಶ್ನೆಗಳು

ಎಷ್ಟು ವರ್ಷವಾದರೆ ವಿಂಟೇಜ್ ಎನ್ನುತ್ತಾರೆ? ನನ್ನ 1992ರ ಯಮಹಾ ಆರ್‌ಎಕ್ಸ್ 100 ವಿಂಟೇಜೋ ಅಲ್ಲವೋ?

ಕಾನೂನಿನ ಪ್ರಕಾರ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯ ದಿನದಿಂದ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿಯೇ ಉಳಿಸಿಕೊಂಡ ಗಾಡಿ ಮಾತ್ರ ವಿಂಟೇಜ್. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ತುಂಬಿದ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಆರ್‌ಎಕ್ಸ್ ಆ ಗೌರವಕ್ಕೆ ಅರ್ಹ. ಆದರೆ ವಯಸ್ಸಿಗಿಂತ ಮುಖ್ಯವಾದದ್ದು ಗಾಡಿ ಎಷ್ಟರಮಟ್ಟಿಗೆ ತನ್ನದೇ ಭಾಗಗಳೊಂದಿಗೆ ಉಳಿದಿದೆ ಎಂಬುದು. ಮೂಲ ಕಾರ್ಬ್ಯುರೇಟರ್, ಮೂಲ ಸೈಲೆನ್ಸರ್, ಮೂಲ ಮೀಟರ್ ಇರುವ ಗಾಡಿ ನಿಮ್ಮಲ್ಲಿದ್ದರೆ ಇಂದಿನಿಂದಲೇ ಅದನ್ನು ವಿಂಟೇಜ್ ಗಾಡಿಯಂತೆಯೇ ನೋಡಿಕೊಳ್ಳಿ.

ಮೊದಲ ಸಲ ಹಳೆಯ ಗಾಡಿ ತೆಗೆದುಕೊಳ್ಳುತ್ತಿದ್ದೇನೆ. ಜಾವಾ, ಬುಲೆಟ್, ರಾಜದೂತ್, ಆರ್‌ಎಕ್ಸ್, ಇವುಗಳಲ್ಲಿ ಯಾವುದು ಒಳ್ಳೆಯದು?

ಯಾವುದರ ಬಿಡಿಭಾಗಗಳನ್ನು ಹುಡುಕಲು ನಿಮಗೆ ತಾಳ್ಮೆ ಇದೆ ಎಂಬುದರ ಮೇಲೆ ಉತ್ತರ ನಿಂತಿದೆ.

ರಾಯಲ್ ಎನ್‌ಫೀಲ್ಡ್ ಬುಲೆಟ್ 350ರ ಭಾಗಗಳು ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತವೆ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗಿನ ಒಪ್ಪಂದದಿಂದ ಚೆನ್ನೈ ಬಳಿಯ ತಿರುವೊಟ್ಟಿಯೂರಿನಲ್ಲಿ ನೆಲೆಯೂರಿದ ಈ ಗಾಡಿಯ 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್‌ನ 346 ಸಿಸಿ ಎಂಜಿನ್ ದಶಕಗಳ ಕಾಲ ಮೂಲ ವಿನ್ಯಾಸದಲ್ಲಿ ಹೆಚ್ಚು ಬದಲಾಗದೆ ಉಳಿಯಿತು. ಆದ್ದರಿಂದ ಎಂಜಿನ್ನಿನ ಭಾಗಗಳಿಗೆ ಕೊರತೆಯಿಲ್ಲ; ಅರವತ್ತರ ದಶಕದ ಗಾಡಿಯ ಹೆಡ್‌ಲೈಟ್ ಡೋಮ್, ಟೂಲ್ ಬಾಕ್ಸ್, ಮೀಟರ್‌ಗಳಂಥವು ಮಾತ್ರ ಕಷ್ಟ.

ಜಾವಾ ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿತು, ಎಪ್ಪತ್ತರ ದಶಕದಲ್ಲಿ ಯೆಜ್ದಿ ಎಂಬ ಹೆಸರಿಗೆ ಬದಲಾಯಿತು, 1996ರಲ್ಲಿ ಮುಚ್ಚಿತು. ಎರಡು ಸೈಲೆನ್ಸರ್ ಇದ್ದರೂ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಅದು. ರಚನೆ ಸರಳ, ಬಿಚ್ಚಿ ಜೋಡಿಸುವುದು ಹೊಸಬರಿಗೂ ಸಾಧ್ಯ. ಯೆಜ್ದಿ ರೋಡ್‌ಕಿಂಗ್‌ನ ಭಾಗಗಳು ಇನ್ನೂ ಓಡಾಡುತ್ತಿವೆ. ಆರಂಭದ ಜಾವಾ 250ರ ಭಾಗಗಳಿಗೆ, ಅದರಲ್ಲೂ ಚೆಕೊಸ್ಲೊವಾಕಿಯಾದಿಂದ ಬಂದವಕ್ಕೆ, ನಿಜವಾದ ಹುಡುಕಾಟ ಬೇಕು.

ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ಮಾದರಿಯಲ್ಲಿ ತಯಾರಿಸಿದ 173 ಸಿಸಿಯ ರಾಜದೂತ್ ಹಳ್ಳಿಗಳ ಗಾಡಿ. ಅದಕ್ಕೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲವೆಂದು ನನಗೆ ಅನಿಸುತ್ತದೆ, ಆದ್ದರಿಂದಲೇ ಅದು ಇಂದಿಗೂ ಕೈಗೆಟುಕುವ ಬೆಲೆಗೆ ದೊರೆಯುತ್ತದೆ. 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100ಕ್ಕೆ ಇವತ್ತು ಬೇಡಿಕೆ ವಿಪರೀತ. ಬೇಡಿಕೆ ಹೆಚ್ಚಾದಲ್ಲಿ ನಕಲಿ ಭಾಗಗಳೂ ಹೆಚ್ಚು.

ಖಾನಾಪುರದ ಕಡೆಯ ಗಾಡಿಯೂ ವಿಜಯಪುರದ ಕಡೆಯ ಗಾಡಿಯೂ ಮಾರಾಟಕ್ಕಿವೆ. ಊರು ನೋಡಿ ಗಾಡಿ ಆರಿಸಬಹುದೇ?

ಖಂಡಿತ ಆರಿಸಬಹುದು. ಪಶ್ಚಿಮ ಘಟ್ಟಕ್ಕೆ ಅಂಟಿಕೊಂಡ ಖಾನಾಪುರದ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ತಗಡು ಒಳಗಿನಿಂದ ಕೊರೆದುಹೋಗಿರುತ್ತದೆ. ಮಡ್‌ಗಾರ್ಡಿನ ಒಳಮೈ, ಟ್ಯಾಂಕಿನ ತಳ, ಜಾವಾದ ಚೈನ್ ಕವರ್ ಮತ್ತು ಸೈಲೆನ್ಸರ್‌ಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ವಿಜಯಪುರ, ಬಾಗಲಕೋಟೆಗಳ ಒಣಹವೆಯಲ್ಲಿ ತಗಡು ಚೆನ್ನಾಗಿ ಉಳಿಯುತ್ತದೆ, ಆದರೆ ಬಿಸಿಲಿಗೆ ರಬ್ಬರು ಕಲ್ಲಾಗಿರುತ್ತದೆ, ಆಯಿಲ್ ಸೀಲುಗಳು ಬಿರಿದಿರುತ್ತವೆ, ಎರೆಮಣ್ಣಿನ ಧೂಳು ಫಿಲ್ಟರ್ ದಾಟಿ ಸಿಲಿಂಡರನ್ನು ಉಜ್ಜಿರುತ್ತದೆ. ಸೀಲು ಬದಲಿಸುವುದು, ಬೋರ್ ಮಾಡಿಸುವುದು ಸುಲಭ. ಕೊರೆದುಹೋದ ಮೂಲ ತಗಡನ್ನು ಮರಳಿ ಪಡೆಯುವುದು ಕಷ್ಟ. ಉಳಿದದ್ದೆಲ್ಲ ಸಮನಾಗಿದ್ದರೆ ನಾನು ಒಣ ಸೀಮೆಯ ಗಾಡಿಯನ್ನೇ ಆರಿಸುತ್ತೇನೆ. ಇನ್ನೊಂದು ಮಾತು: ದನದ ಕೊಟ್ಟಿಗೆಯಲ್ಲಿ ನಿಂತ ಗಾಡಿ ಯಾವ ಊರಿನದಾದರೂ ಹಿತ್ತಾಳೆಯ ಭಾಗಗಳನ್ನು ಮತ್ತು ಕ್ರೋಮನ್ನು ವಿಶೇಷವಾಗಿ ಪರೀಕ್ಷಿಸಿ. ಗಂಜಲದಿಂದೇಳುವ ಅಮೋನಿಯಾ ಹಿತ್ತಾಳೆಯಲ್ಲಿ ಸೂಕ್ಷ್ಮ ಬಿರುಕುಗಳನ್ನು ಉಂಟುಮಾಡುತ್ತದೆ.

ನಮ್ಮ ಅಜ್ಜಾರ ಜಾವಾ ಇಪ್ಪತ್ತ ವರ್ಷದಿಂದ ನಿಂತ್ಬಿಟ್ಟೈತ್ರಿ. ಕಿಕ್ ಹೊಡದ್ರ ಚಾಲೂ ಆದೀತೇನ್ರಿ?

ದಯವಿಟ್ಟು ಕಿಕ್ ಹೊಡೆಯಬೇಡಿ. ವರ್ಷಗಳ ಕಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡಿರುತ್ತವೆ. ಬಲವಾಗಿ ಒದ್ದರೆ ರಿಂಗು ಮುರಿಯುತ್ತದೆ, ಇಲ್ಲವೇ ಕಿಕ್ ಶಾಫ್ಟಿನ ಹಲ್ಲು ಹೋಗುತ್ತದೆ. ಜಾವಾದಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ ಸನ್ನೆಯೂ ಆಗಿರುವುದರಿಂದ ಅಲ್ಲಿ ಆಗುವ ಹಾನಿಗೆ ಇಡೀ ಬದಿಯನ್ನು ಬಿಚ್ಚಬೇಕಾಗುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲನ್ನು ಸಮನಾಗಿ ಬೆರೆಸಿ ಆ ತೂತಿನಿಂದ ಸ್ವಲ್ಪ ಸುರಿದು, ಕೆಲವು ದಿನ ಹಾಗೆಯೇ ಬಿಡಿ. ನಂತರ ಟಾಪ್ ಗೇರ್ ಹಾಕಿ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ. ಚಕ್ರ ಅಲುಗದಿದ್ದರೆ ಇನ್ನಷ್ಟು ದಿನ ನೆನೆಯಲು ಬಿಡಿ, ಬಲ ಹಾಕಬೇಡಿ. ಬಿಟ್ಟುಕೊಂಡ ಮೇಲೂ ತಕ್ಷಣ ಚಾಲೂ ಮಾಡುವ ಆಸೆ ಬೇಡ. ಟ್ಯಾಂಕಿನ ತುಕ್ಕು ತೊಳೆದು, ಕಾರ್ಬ್ಯುರೇಟರ್ ಸ್ವಚ್ಛಗೊಳಿಸಿ, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ಬದಲಿಸಿದ ಮೇಲೆಯೇ ಪೆಟ್ರೋಲ್ ಹಾಕಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಒಣಗಿದ ಸೀಲಿನ ಮೂಲಕ ಗಾಳಿ ಒಳಸೇರಿದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಸುಟ್ಟುಹೋಗುತ್ತದೆ, ಅಜ್ಜನ ಕಾಲದ ಮೂಲ ಪಿಸ್ಟನ್ ಮೊದಲ ದಿನವೇ ಹಾಳಾಗುತ್ತದೆ.

ಶೋರೂಮಿನಲ್ಲಿ ಈಗ ಸಿಗುವ ಹೊಸ ಜಾವಾದ ಭಾಗಗಳು ಹಳೆಯ ಜಾವಾಕ್ಕೆ ಕೂರುತ್ತವೆಯೇ?

ಕೂರುವುದಿಲ್ಲ. 2018ರಲ್ಲಿ ಮರಳಿ ಬಂದ ಜಾವಾ ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್ನಿನ ಬೇರೆಯದೇ ಗಾಡಿ. ಹೋಲಿಕೆ ಹೊರನೋಟದಲ್ಲಿ ಮಾತ್ರ.

## ಕಾಗದಪತ್ರ

ಗಾಡಿ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಆರ್‌ಸಿ ಅವಧಿ ಮುಗಿದು ಎಷ್ಟೋ ವರ್ಷವಾಯಿತು. ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬಹುದು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31 ಇದೆ. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಬೇಕು. ಆರ್‌ಸಿ ಪುಸ್ತಕವೇ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ನಮೂನೆ 26ರಲ್ಲಿ ನಕಲು ಪ್ರತಿ ಕೇಳಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಗಾಡಿ ತಪಾಸಣೆಗೆ ನಿಲ್ಲುವ ಸ್ಥಿತಿಯಲ್ಲಿರಬೇಕು, ಬಾಕಿ ಶುಲ್ಕವನ್ನೂ ಹಸಿರು ತೆರಿಗೆಯನ್ನೂ ಕಟ್ಟಬೇಕು.

ಹಳೆಯ ಮೈಸೂರು ರಾಜ್ಯದ ‘ಎಂವೈ’ ಸರಣಿಯ ನಂಬರು ಇರುವ ಗಾಡಿಗಳ ದಾಖಲೆ ಹಲವು ಸಲ ಗಣಕಕ್ಕೆ ಏರಿರುವುದಿಲ್ಲ, ಕಚೇರಿಯ ಹಳೆಯ ದಫ್ತರದಲ್ಲಿಯೇ ಇರುತ್ತದೆ. ಜಿಲ್ಲೆಯ ಸಾರಿಗೆ ಕಚೇರಿಗಳು ನಂತರ ಹಂಚಿಹೋಗಿವೆ: ಬೆಳಗಾವಿ ಕೆಎ 22, ಚಿಕ್ಕೋಡಿ 23, ಬೈಲಹೊಂಗಲ 24, ಗೋಕಾಕ 49. ಗಾಡಿ ಮೊದಲು ನೋಂದಣಿಯಾದ ಕಚೇರಿ ಯಾವುದು, ಆ ದಫ್ತರ ಈಗ ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿ. ಗಾಡಿಗೆ ಬಣ್ಣ ಹೊಡೆಸುವ ಮುನ್ನ, ಬಿಡಿಭಾಗಕ್ಕೆ ಒಂದು ರೂಪಾಯಿ ಸುರಿಯುವ ಮುನ್ನ ಈ ಕೆಲಸ ಆಗಬೇಕು.

ಕೊಲ್ಲಾಪುರದಲ್ಲಿ ಒಳ್ಳೆಯ ಬುಲೆಟ್ ಸಿಕ್ಕಿದೆ. ಎಂಎಚ್ 09 ನಂಬರಿನಲ್ಲಿಯೇ ಇಲ್ಲಿ ಓಡಿಸಬಹುದೇ?

ಒಂದು ವರ್ಷದವರೆಗೆ ಮಾತ್ರ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಅಲ್ಲಿನ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ನಮೂನೆ 27ರಲ್ಲಿ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಿ, ಕರ್ನಾಟಕದ ತೆರಿಗೆ ಕಟ್ಟಬೇಕು. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೂ ಮಾರಿದವರಿಗೆ ಪೂರ್ತಿ ಹಣ ಕೊಡಬೇಡಿ. ಗಡಿ ದಾಟಿ ಗಾಡಿ ತಂದು, ಪತ್ರವಿಲ್ಲದೆ ಮನೆಯ ಮುಂದೆ ನಿಲ್ಲಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ.

ವಿಂಟೇಜ್ ನಂಬರ್ ಪ್ಲೇಟ್ ಮಾಡಿಸುವುದು ಲಾಭವೇ?

ಗಾಡಿಯ ಮೂಲ ನೋಂದಣಿ ಜೀವಂತವಾಗಿದ್ದರೆ ಅವಸರ ಬೇಡ. ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ ಹಾಕಬೇಕು, ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹೊಸದಾಗಿ ಕೊಡುವ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಇರುತ್ತದೆ. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಣಿಯಾದ ಮೇಲೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ವಾರಕ್ಕೆ ನಾಲ್ಕು ಸಲವಾದರೂ ಗಾಡಿ ಹೊರಗೆ ತೆಗೆಯುವವರಿಗೆ ಸಾಮಾನ್ಯ ನವೀಕರಣವೇ ಸರಿ.

## ಬಿಡಿಭಾಗಗಳ ಹುಡುಕಾಟ

ಬೆಳಗಾವಿಯಲ್ಲಿ ಹಳೆಯ ಭಾಗ ಹುಡುಕಲು ಎಲ್ಲಿಂದ ಶುರು ಮಾಡಬೇಕು?

ಅಂಗಡಿಯಿಂದಲ್ಲ, ಮಿಸ್ತ್ರಿಗಳಿಂದ. ಎಪ್ಪತ್ತು ಎಂಬತ್ತರ ದಶಕದಲ್ಲಿ ಜಾವಾ, ಬುಲೆಟ್ ರಿಪೇರಿ ಮಾಡಿದ ಹಿರಿಯ ಮಿಸ್ತ್ರಿಗಳು ಹಳೇ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ, ಕ್ಯಾಂಪಿನಲ್ಲಿ, ಶಹಾಪುರದ ಓಣಿಗಳಲ್ಲಿ ಇನ್ನೂ ಇದ್ದಾರೆ. ಕೆಲಸ ಬಿಟ್ಟವರ ಮನೆಗಳಲ್ಲಿ ಕಬ್ಬಿಣದ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ಅದರೊಳಗೆ ಏನಿದೆ ಎಂಬುದಕ್ಕಿಂತಲೂ ಯಾವ ಊರಿನ ಯಾವ ಅಂಗಡಿಯವರು ಒಂದು ಕಾಲದಲ್ಲಿ ಯಾವ ಕಂಪನಿಯ ಮಾಲು ತರಿಸುತ್ತಿದ್ದರು ಎಂಬ ಅವರ ನೆನಪೇ ಹೆಚ್ಚು ಬೆಲೆಯುಳ್ಳದ್ದು.

ಆ ನೆನಪನ್ನು ಹಿಡಿದು ತಾಲೂಕು ಊರುಗಳಿಗೆ ಹೋಗಬೇಕು. ನಿಪ್ಪಾಣಿ, ಅಥಣಿ, ಗೋಕಾಕ, ಜಮಖಂಡಿ, ಮುಧೋಳಗಳಂಥ ಕಬ್ಬು, ತಂಬಾಕಿನ ಊರುಗಳಲ್ಲಿ ಸೈಕಲ್ ಅಂಗಡಿಯಾಗಿ ಶುರುವಾಗಿ ಲೂನಾ, ರಾಜದೂತ್, ಯೆಜ್ದಿಯ ಭಾಗಗಳನ್ನು ಮಾರಿದ ಹಳೆಯ ಅಂಗಡಿಗಳಿವೆ. ಈಗ ಅಲ್ಲಿ ಮಗನೋ ಮೊಮ್ಮಗನೋ ಕೂತಿರುತ್ತಾರೆ, ಮುಂದಿನ ಕಪಾಟಿನಲ್ಲಿ ಹೊಸ ಗಾಡಿಗಳ ಭಾಗಗಳೇ ಇರುತ್ತವೆ. ಮಾರಾಟವಾಗದೆ ಉಳಿದ ಹಳೇ ಸ್ಟಾಕ್ ಮಾಳಿಗೆಯ ಮೇಲೆ, ಗೋಣಿಚೀಲದಲ್ಲಿ ಬಿದ್ದಿರುತ್ತದೆ. ಜನ ಸೇರಿರುವ ಸಂಜೆಯಲ್ಲಿ ಹೋಗಿ ಕೇಳಿದರೆ ‘ಇಲ್ರಿ’ ಎಂಬ ಉತ್ತರವೇ ಸಿಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ, ಮೊದಲು ಬೇಕಾದದ್ದೊಂದನ್ನು ಕೊಂಡು, ‘ಕಾಕಾರ, ಹಳೇ ಮಾಲ ಏನರ ಮ್ಯಾಲ ಉಳದೈತೇನ್ರಿ?’ ಎಂದು ವಿಚಾರಿಸಬೇಕು. ತಾವೇ ಮಾಳಿಗೆ ಹತ್ತಲು ಒಪ್ಪಿಗೆ ಕೇಳುವುದು ಎರಡನೆಯ ಅಥವಾ ಮೂರನೆಯ ಭೇಟಿಯ ಮಾತು.

ಭಂಗಾರದ, ಅಂದರೆ ಗುಜರಿಯ, ಅಂಗಡಿಗಳು ಕೊನೆಯ ತಾಣ. ಅಲ್ಲಿ ಮಾಲು ತೂಕದ ಲೆಕ್ಕದಲ್ಲಿ ಬಂದು ತೂಕದ ಲೆಕ್ಕದಲ್ಲಿಯೇ ಹೋಗುತ್ತದೆ, ಫೌಂಡ್ರಿಯ ಕುಲುಮೆಗೆ ಸೇರುವ ಮುನ್ನ ಅದನ್ನು ನೋಡಲು ಸಿಗುವ ಸಮಯ ಬಹಳ ಕಡಿಮೆ. ಅಂಗಡಿಯವರಿಗೆ ನಿಮ್ಮ ಗಾಡಿಯ ಎಂಜಿನ್ ಕವರಿನ ಚಿತ್ರ ತೋರಿಸಿ, ಇಂಥದ್ದು ಬಂದರೆ ಕರೆ ಮಾಡಿ ಎಂದು ಹೇಳಿಡಿ. ಹೋಗುವಾಗ ವರ್ನಿಯರ್, ಸಣ್ಣ ಅಯಸ್ಕಾಂತ, ಬಟ್ಟೆಯ ಚೂರು ಮತ್ತು ಸಾಧ್ಯವಿದ್ದರೆ ಸವೆದ ಹಳೆಯ ಭಾಗವೇ ಜೊತೆಗಿರಲಿ. ನೆನಪಿನ ಅಳತೆಯಿಂದ ಕೊಂಡ ಭಾಗ ಕೂರುವುದಿಲ್ಲ.

ಇಲ್ಲಿ ಸಿಗದಿದ್ದರೆ ಹೊರಗೆ ಎಲ್ಲಿಗೆ ಹೋಗಲಿ?

ಪುಣೆಯ ಜುನಾ ಬಜಾರ್ ಬುಧವಾರ ಮತ್ತು ಭಾನುವಾರ ನಡೆಯುತ್ತದೆ. ರಾತ್ರಿಯ ಬಸ್ಸಿಗೆ ಹೊರಟರೆ ಬೆಳಿಗ್ಗೆ ಅಂಗಡಿ ಹಾಸುವ ಹೊತ್ತಿಗೆ ಅಲ್ಲಿರಬಹುದು, ಒಳ್ಳೆಯ ಮಾಲು ಆಗಲೇ ಕೈ ಬದಲಾಯಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಬುಲೆಟ್ಟಿನವರಿಗೆ ಉಪಯುಕ್ತ. ಜಾವಾ, ಯೆಜ್ದಿಯವರಿಗೆ ಮಾತ್ರ ಕಾರ್ಖಾನೆಯ ಊರಾದ ಮೈಸೂರಿನ ಹಳೆಯ ಮಿಸ್ತ್ರಿಗಳಷ್ಟು ದೊಡ್ಡ ಆಧಾರ ಬೇರೆಯಿಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ದಿ ದಿನದಂದು ಹಲವು ಊರುಗಳಲ್ಲಿ ಸವಾರರು ಸೇರುತ್ತಾರೆ. ಅಲ್ಲಿ ಭಾಗಗಳ ಅದಲುಬದಲು ಹಣದ ವ್ಯವಹಾರಕ್ಕಿಂತ ಹೆಚ್ಚು ನಡೆಯುತ್ತದೆ.

ಎಲ್ಲರೂ ‘ಒರಿಜಿನಲ್’ ಎಂದೇ ಹೇಳುತ್ತಾರೆ. ನಿಜವಾಗಿ ಹಳೆಯ ಸ್ಟಾಕ್ ಎಂದು ಹೇಗೆ ಗುರುತಿಸುವುದು?

ಪೆಟ್ಟಿಗೆಯನ್ನು ನಂಬಬೇಡಿ, ಲೋಹವನ್ನು ನೋಡಿ. ಹಳೆಯ ಪೆಟ್ಟಿಗೆಯ ಮಾದರಿಯಲ್ಲಿ ಹೊಸ ಪೆಟ್ಟಿಗೆ ಅಚ್ಚುಹಾಕಿಸುವುದು ಬಹಳ ಸುಲಭ. ಕಾರ್ಖಾನೆಯ ಎರಕದಲ್ಲಿ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಮೂಲ ಭಾಗದಿಂದಲೇ ಅಚ್ಚು ತೆಗೆದ ನಕಲಿನಲ್ಲಿ ಅಂಚುಗಳು ಮೊಂಡಾಗಿರುತ್ತವೆ. ಯಂತ್ರದಲ್ಲಿ ಕೊರೆದ ಮುಖಗಳ ಮೇಲೆ ಉಪಕರಣದ ಗೆರೆಗಳು ಸಮವಾಗಿವೆಯೇ, ತೂತುಗಳ ಬಾಯಿಯಲ್ಲಿ ಲೋಹದ ಸಿಬಿರುಗಳು ಉಳಿದಿವೆಯೇ ಎಂದು ಪರೀಕ್ಷಿಸಿ. ಆರಂಭದ ಜಾವಾಗಳಲ್ಲಿ ಯಿಕೋವ್ ಕಾರ್ಬ್ಯುರೇಟರ್, ಪಾಲ್ ಹೆಸರಿನ ವಿದ್ಯುತ್ ಭಾಗಗಳು, ಚೆಕೊಸ್ಲೊವಾಕಿಯಾದ ಗುರುತು ಇರುತ್ತವೆ. ಬುಲೆಟ್ಟಿನಲ್ಲಿ ಲ್ಯೂಕಾಸ್, ಮಿಲ್ಲರ್, ಅಮಲ್ ಹೆಸರುಗಳನ್ನೂ, ನಂತರದ ಗಾಡಿಗಳಲ್ಲಿ ಮಿಕ್‌ಕಾರ್ಬ್ ಹೆಸರನ್ನೂ ಕಾಣುತ್ತೇವೆ. ಹಳೆಯ ಸ್ಟಾಕಿನ ಉಕ್ಕಿನ ಭಾಗಗಳಿಗೆ ಬಳಿದ ಗ್ರೀಸು ದಶಕಗಳಲ್ಲಿ ಗಟ್ಟಿಯಾಗಿ ಮೇಣದಂತೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಸೀಮೆಎಣ್ಣೆಯಿಲ್ಲದೆ ತೆಗೆಯಲಾಗದು.

ಹಳೆಯದೆಲ್ಲವೂ ಒಳ್ಳೆಯದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಗೇರು, ಶಾಫ್ಟು, ಪಿಸ್ಟನ್, ಲಿವರ್‌ಗಳು ನಲವತ್ತು ವರ್ಷ ಬಿದ್ದಿದ್ದರೂ ಕೆಡುವುದಿಲ್ಲ. ಆದರೆ ರಬ್ಬರಿನ ಸೀಲು, ಟೈರು, ಕಂಡೆನ್ಸರ್, ಬ್ರೇಕ್ ಲೈನರ್ ಅಂಟಿಸಿದ ಶೂ ಇವನ್ನು ಹಳೆಯ ಸ್ಟಾಕಿನಿಂದ ಕೊಳ್ಳಬಾರದು, ಎಷ್ಟೇ ಚೆಂದದ ಪೆಟ್ಟಿಗೆಯಲ್ಲಿದ್ದರೂ ಸರಿ.

ಸ್ಪೇರ್ ಅಂಗಡಿಯಲ್ಲಿ ‘ಜಾವಾ ಬೇರಿಂಗ್ ಬರೋದು ನಿಂತು ಹೋಗೈತಿ’ ಎನ್ನುತ್ತಾರೆ. ಏನು ಮಾಡಲಿ?

ಗಾಡಿಯ ಹೆಸರು ಹೇಳದೆ, ಬೇರಿಂಗಿನ ಅಂಚಿನಲ್ಲಿ ಕೆತ್ತಿರುವ ಸಂಖ್ಯೆ ಹೇಳಿ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಬೇರಿಂಗುಗಳ ಅಳತೆ ಜಗತ್ತಿನಾದ್ಯಂತ ಒಂದೇ. 6204 ಎಂದರೆ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ.; 6305 ಎಂದರೆ 25, 62 ಮತ್ತು 17 ಮಿ.ಮೀ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಐದರಿಂದ ಗುಣಿಸಿದಾಗ ಒಳವ್ಯಾಸ ಸಿಗುತ್ತದೆ. ಪಂಪು, ಮೋಟರುಗಳಿಗೂ ಇವೇ ಬೇರಿಂಗುಗಳು ಬೇಕಾಗುವುದರಿಂದ, ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶವಿರುವ ನಮ್ಮ ಬೆಳಗಾವಿಯಲ್ಲಿ ಅವಕ್ಕೆ ಬರವಿಲ್ಲ. ಕ್ರ್ಯಾಂಕಿಗೆ ಹಾಕುವ ಬೇರಿಂಗಿನಲ್ಲಿ ಒಳಗಿನ ಸಡಿಲ ಸ್ವಲ್ಪ ಹೆಚ್ಚಿರುವ ಸಿ3 ಗುರುತಿನದನ್ನು ಕೇಳಿ, ಎರಡೂ ಬದಿ ಮುಚ್ಚಿದ ಬೇರಿಂಗ್ ಕೊಟ್ಟರೆ ಬೇಡವೆನ್ನಿ, ಏಕೆಂದರೆ ಎಂಜಿನ್ನಿನ ಎಣ್ಣೆ ಒಳಗೆ ಹೋಗಬೇಕು. ಆಯಿಲ್ ಸೀಲುಗಳಿಗೂ ಇದೇ ಮಾತು: ಶಾಫ್ಟಿನ ವ್ಯಾಸ, ಗೂಡಿನ ವ್ಯಾಸ, ದಪ್ಪ ಈ ಮೂರು ಅಳತೆ ಕೊಟ್ಟರೆ ಸಾಕು. ಚೈನಿನ ಸಂಖ್ಯೆಯೂ ಹಾಗೆಯೇ. 428 ಎಂದರೆ ಕೊಂಡಿಯ ಅಂತರ 12.7 ಮಿ.ಮೀ., 520 ಮತ್ತು 530 ಎಂದರೆ 15.875 ಮಿ.ಮೀ.

ಬುಲೆಟ್ಟಿನ ನಟ್ಟಿಗೆ ನನ್ನ ಯಾವ ಪಾನವೂ (ಸ್ಪ್ಯಾನರ್) ಸರಿಯಾಗಿ ಕೂರುವುದಿಲ್ಲ. ಸ್ವಲ್ಪ ಬಲ ಹಾಕಿ ಬೇರೆ ಬೋಲ್ಟ್ ಹಾಕಬಹುದೇ?

ಹಾಕಬಾರದು. ಬುಲೆಟ್ ಇಂಗ್ಲೆಂಡಿನ ವಿನ್ಯಾಸವಾದ್ದರಿಂದ ಹಳೆಯ ಗಾಡಿಗಳಲ್ಲಿ ವಿಟ್‌ವರ್ತ್, ಬಿಎಸ್‌ಎಫ್ ಮತ್ತು ಸೈಕಲ್ ಥ್ರೆಡ್ ಎಂಬ ಅಲ್ಲಿನ ಅಳತೆಗಳಿವೆ. ವಿಟ್‌ವರ್ತ್ ಪಾನದ ಮೇಲಿನ ಸಂಖ್ಯೆ ಬೋಲ್ಟಿನ ವ್ಯಾಸವನ್ನು ಸೂಚಿಸುತ್ತದೆ, ನಟ್ಟಿನ ಅಗಲವನ್ನಲ್ಲ, ಆದ್ದರಿಂದ ಅಳೆದು ಹೋಲಿಸಿದರೆ ಗೊಂದಲವಾಗುತ್ತದೆ. 5/16 ಇಂಚಿನ ಬೋಲ್ಟು 7.94 ಮಿ.ಮೀ. ಇದ್ದು 8 ಮಿ.ಮೀ. ಬೋಲ್ಟಿಗೆ ಬಹಳ ಹತ್ತಿರವಿದೆ, ಆದರೆ ಎಳೆಗಳ ಅಂತರ ಬೇರೆ. ಮೆಟ್ರಿಕ್ ಎಳೆಯ ಕೋನ 60 ಡಿಗ್ರಿ, ವಿಟ್‌ವರ್ತ್ ಮತ್ತು ಬಿಎಸ್‌ಎಫ್ ಎಳೆಗಳ ಕೋನ 55. ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯ ಸುತ್ತಿಗೆ ಅಲ್ಯೂಮಿನಿಯಂ ಕೇಸಿನ ಎಳೆಯನ್ನೇ ಕಿತ್ತುಹಾಕುತ್ತದೆ. ಎಳೆ ಅಳೆಯುವ ಥ್ರೆಡ್ ಗೇಜ್ ಒಂದನ್ನು ಕೊಂಡುಕೊಳ್ಳಿ, ಬೆಲೆ ಅಲ್ಪ. ಜಾವಾ, ರಾಜದೂತ್, ಆರ್‌ಎಕ್ಸ್‌ಗಳದು ಮೆಟ್ರಿಕ್ ಅಳತೆ. ಆರ್‌ಎಕ್ಸ್‌ನ ಸ್ಕ್ರೂಗಳಿಗೆ ಮಾತ್ರ ಜಪಾನಿನ ಮಾದರಿಯ ಸ್ಕ್ರೂಡ್ರೈವರ್ ಬೇಕು. ಸಾಮಾನ್ಯ ಪ್ಲಸ್ ಸ್ಕ್ರೂಡ್ರೈವರಿನಿಂದ ತಲೆ ಸವೆಯುತ್ತದೆ.

ಪತ್ರವಿಲ್ಲದ ಎಂಜಿನ್ ಕಡಿಮೆ ಬೆಲೆಗೆ ಸಿಗುತ್ತಿದೆ. ಭಾಗಗಳಿಗಾಗಿ ಕೊಳ್ಳಬಹುದೇ?

ನಂಬರು ಕೆತ್ತಿದ ಕೇಸ್ ಇರುವ ಎಂಜಿನ್ನನ್ನು ಪತ್ರವಿಲ್ಲದೆ ಕೊಳ್ಳಬೇಡಿ. ಅದು ಕಳವಿನ ಮಾಲಾಗಿದ್ದರೆ ಪೊಲೀಸರ ಮುಂದೆ ನಿಲ್ಲಬೇಕಾದವರು ನೀವು. ನಂಬರನ್ನು ಉಜ್ಜಿ ತೆಗೆದ ಗುರುತು ಕಂಡರೆ ಅಲ್ಲಿಂದ ಹೊರಟುಬಿಡಿ.

ಬಣ್ಣ, ಕ್ರೋಮ್ ಎಲ್ಲ ಹೊಸದಾಗಿ ಮಾಡಿಸಬೇಕೇ?

ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಹಾಗೆಯೇ ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಖಾನೆಯ ಬಣ್ಣ, ಕೈಯಿಂದ ಎಳೆದ ಗೆರೆ, ಟ್ಯಾಂಕಿನ ಮೇಲೆ ಮೊಣಕಾಲು ತಾಗಿ ಸವೆದ ಜಾಗ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ತುಕ್ಕನ್ನು ಮಾತ್ರ ನಿಲ್ಲಿಸಬೇಕು. ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸುವ ವಿಧಾನ ಒಳ್ಳೆಯದು. ತುಕ್ಕು ಹೋಗುತ್ತದೆ, ಒಳ್ಳೆಯ ಲೋಹ ಉಳಿಯುತ್ತದೆ. ಭಾಗಕ್ಕೆ ಋಣ ತಂತಿ, ಎದುರಿಗೆ ಇಡುವ ಕಬ್ಬಿಣದ ಪಟ್ಟಿಗೆ ಧನ ತಂತಿ. ಆ ಪಟ್ಟಿಯಾಗಿ ಸ್ಟೇನ್‌ಲೆಸ್ ಸ್ಟೀಲನ್ನು ಎಂದಿಗೂ ಬಳಸಬಾರದು, ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು, ಏಕೆಂದರೆ ಹೊರಬರುವ ಹೈಡ್ರೋಜನ್ ಅನಿಲ ಕಿಡಿಗೆ ಹೊತ್ತಿಕೊಳ್ಳುತ್ತದೆ.

## ಎಂಜಿನ್ ಬಿಚ್ಚಿದವರ ಪ್ರಶ್ನೆಗಳು

ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆಯ ಗಾಡಿಗೆ ಹಾನಿಯೇ?

ನಮ್ಮದೇ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆಯುತ್ತದೆ. ಹಳೆಯ ಗಾಡಿಗೆ ಅದರಿಂದ ಆಗುವ ತೊಂದರೆ ಮೂರು ಬಗೆಯದು. ಅದು ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ಬಿರಟೆ, ಟ್ಯಾಂಕಿನ ಒಳಲೇಪಗಳನ್ನು ಮೆತ್ತಗಾಗಿಸುತ್ತದೆ. ಹವೆಯಲ್ಲಿರುವ ನೀರಿನಂಶವನ್ನು ಎಳೆದುಕೊಳ್ಳುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಮಿಶ್ರಣ ತುಸು ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಎಥೆನಾಲ್ ತಾಳುವ ಪೈಪು ಹಾಕಿಸಿ, ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ ಕಾರ್ಬ್ಯುರೇಟರಿನ ಬಟ್ಟಲು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ, ಮಳೆಗಾಲದಲ್ಲಿ ಹೊರತೆಗೆಯದಿದ್ದರೆ ಟ್ಯಾಂಕನ್ನೇ ಖಾಲಿ ಮಾಡಿ. ಪ್ಲಗ್ಗಿನ ತುದಿ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಿ. ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಗಾಡಿಗಳಲ್ಲಿ ಲೀಟರಿಗೆ 40 ಮಿ.ಲೀ. ಎಂದರೆ 1:25ರ ಪ್ರಮಾಣ. ಹೊಸ ಪಿಸ್ಟನ್ ಹಾಕಿಸಿದಾಗ 50 ಮಿ.ಲೀ. ಇರಲಿ.

ಆರು ವೋಲ್ಟಿನ ಲೈಟು ಮಂಕು. ಹನ್ನೆರಡು ವೋಲ್ಟಿಗೆ ಬದಲಿಸಲೇ?

ಮೊದಲು ಅರ್ಥಿಂಗ್ ಸ್ವಚ್ಛಗೊಳಿಸಿ. 24 ವಾಟಿನ ಬಲ್ಬಿಗೆ ಹನ್ನೆರಡು ವೋಲ್ಟಿನಲ್ಲಿ 2 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 4 ಆಂಪಿಯರ್ ಹರಿಯಬೇಕು, ಹೀಗಾಗಿ ತುಕ್ಕು ಹಿಡಿದ ಒಂದು ಜೋಡಣೆ ಕೂಡ ಬೆಳಕನ್ನು ಅರ್ಧಕ್ಕಿಳಿಸುತ್ತದೆ. ದಪ್ಪ ತಂತಿ, ಸ್ವಚ್ಛ ಜೋಡಣೆ, ಒಳ್ಳೆಯ ಬ್ಯಾಟರಿ, ಆರು ವೋಲ್ಟಿನ ಎಲ್‌ಇಡಿ ಬಲ್ಬು ಹಾಕಿದ ಮೇಲೆ ಬಹುತೇಕ ಜನರಿಗೆ ಬದಲಾವಣೆ ಬೇಕೆನಿಸುವುದಿಲ್ಲ. ರಾತ್ರಿ ಚೋರ್ಲಾ ಘಟ್ಟ ಇಳಿಯುವವರು ಬದಲಿಸಿಕೊಂಡರೆ ತಪ್ಪಲ್ಲ. ಕಾಯಿಲು, ಹಾರ್ನು, ರೆಗ್ಯುಲೇಟರ್, ಬಲ್ಬು ಎಲ್ಲವೂ ಬದಲಾಗಬೇಕು, ಬಿಚ್ಚಿದ ಮೂಲ ಭಾಗಗಳನ್ನು ಚೀಟಿ ಅಂಟಿಸಿ ತೆಗೆದಿಡಬೇಕು.

ಸಿಲಿಂಡರ್ ಬೋರ್ ಮಾಡಿಸುವಾಗ ಎಚ್ಚರ ವಹಿಸಬೇಕಾದದ್ದು ಏನು?

ಪಿಸ್ಟನ್ ಕೈಗೆ ಬಂದ ಮೇಲೆಯೇ ಸಿಲಿಂಡರ್ ಕೊಡಿ. ಬೋರ್ ಮಾಡುವವರು ಆ ಪಿಸ್ಟನ್ನನ್ನು ಅಳೆದು, ಅದಕ್ಕೆ ತಕ್ಕ ಸಡಿಲ ಬಿಟ್ಟು ಕೊರೆಯಬೇಕು. ಬುಲೆಟ್ಟಿಗೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ 20, 40, 60 ಎಂಬ ಹೆಚ್ಚಿನ ಅಳತೆಯ ಪಿಸ್ಟನ್ನುಗಳು ಸಿಗುತ್ತವೆ. 20ಕ್ಕೆ ಸಾಲುವ ಸವೆತಕ್ಕೆ 60ರ ಪಿಸ್ಟನ್ ಹಾಕಿಸಿದರೆ ಮುಂದಿನ ಎರಡು ಅವಕಾಶಗಳನ್ನು ಇಂದೇ ಕಳೆದುಕೊಂಡಂತೆ. ಟೂ ಸ್ಟ್ರೋಕ್ ಸಿಲಿಂಡರಿನಲ್ಲಿ ಕೊರೆದಾದ ಮೇಲೆ ಪೋರ್ಟುಗಳ (ಗೋಡೆಯಲ್ಲಿನ ಕಿಂಡಿಗಳ) ಅಂಚನ್ನು ನಯವಾಗಿ ಮುರಿಯುವುದನ್ನು ಮರೆತರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ.

ಭಾಗ ಎಲ್ಲೂ ಸಿಗಲಿಲ್ಲ. ಉದ್ಯಮಬಾಗಿನಲ್ಲಿ ಹೊಸದಾಗಿ ಮಾಡಿಸಬಹುದೇ?

ಮಾಡಿಸಬಹುದು, ಮತ್ತು ಈ ವಿಷಯದಲ್ಲಿ ಬೆಳಗಾವಿಯವರ ಭಾಗ್ಯ ದೊಡ್ಡದು. ಫೌಂಡ್ರಿ, ಲೇಥು, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿರುವ ಊರುಗಳು ರಾಜ್ಯದಲ್ಲಿ ಕಡಿಮೆ. ದೊಡ್ಡ ಕಾರ್ಖಾನೆಗಳು ಒಂದೇ ಒಂದು ಭಾಗದ ಕೆಲಸ ಹಿಡಿಯುವುದಿಲ್ಲ. ಅವುಗಳ ಸುತ್ತ ಇರುವ ಒಂದೆರಡು ಲೇಥಿನ ಸಣ್ಣ ಅಂಗಡಿಗಳಿಗೆ ಹೋಗಬೇಕು, ಅದೂ ರವಾನೆಯ ಒತ್ತಡವಿರುವ ತಿಂಗಳ ಕೊನೆಯ ವಾರವನ್ನು ಬಿಟ್ಟು.

ಬುಶ್ಶುಗಳು ಎಲ್ಲಕ್ಕಿಂತ ಸುಲಭ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಬುಶ್ಶಿಗೆ ಫಾಸ್ಫರ್ ಬ್ರಾಂಜ್ ಕೇಳಿ, ಒತ್ತಿ ಕೂರಿಸಿದ ಮೇಲೆ ಒಳವ್ಯಾಸ ಕುಗ್ಗುವುದರಿಂದ ಕೊನೆಯ ರೀಮಿಂಗನ್ನು ಕೂರಿಸಿದ ನಂತರವೇ ಮಾಡಿಸಿ. ಶಾಫ್ಟು, ಗೇರುಗಳಿಗೆ ಆಕಾರ ಮಾತ್ರ ಸಾಲದು. ಮೇಲ್ಮೈ ಗಟ್ಟಿಯಾಗಿ ಒಳಗೆ ಮೃದುವಾಗಿರಬೇಕು, ಅದಕ್ಕೆ ಇಎನ್ 353ರಂಥ ಉಕ್ಕು ತೆಗೆದುಕೊಂಡು ಕೇಸ್ ಹಾರ್ಡನಿಂಗ್ ಮಾಡಿಸಿ, ನಂತರ ಗ್ರೈಂಡಿಂಗ್ ಮಾಡಿಸಬೇಕು. ಸಾದಾ ಎಂಎಸ್ ಕಬ್ಬಿಣದ ಕಿಕ್ ಶಾಫ್ಟ್ ನೋಡಲು ಥೇಟ್ ಹಾಗೆಯೇ ಇದ್ದು, ಕೆಲವೇ ತಿಂಗಳಲ್ಲಿ ಹಲ್ಲು ಕಳೆದುಕೊಳ್ಳುತ್ತದೆ.

ಎರಕದ ಭಾಗಗಳಲ್ಲಿ ಒಂದು ಲೆಕ್ಕವನ್ನು ನೆನಪಿಡಬೇಕು. ಹಳೆಯ ಕವರನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಹೊಸ ಕವರು ಚಿಕ್ಕದಾಗಿಯೇ ಬರುತ್ತದೆ, ಏಕೆಂದರೆ ಲೋಹ ಆರುವಾಗ ಕುಗ್ಗುತ್ತದೆ: ಬೀಡುಕಬ್ಬಿಣ ಸುಮಾರು ಶೇ. 1, ಅಲ್ಯೂಮಿನಿಯಂ ಸುಮಾರು ಶೇ. 1.3. ಮೂವತ್ತು ಸೆಂಟಿಮೀಟರ್ ಉದ್ದದ ಕ್ಲಚ್ ಕವರಿನಲ್ಲಿ ಅದು 4 ಮಿ.ಮೀ. ಆಗುತ್ತದೆ, ಸ್ಕ್ರೂ ತೂತುಗಳು ಎದುರುಬದುರು ಬರುವುದಿಲ್ಲ. ಆದ್ದರಿಂದ ಪ್ಯಾಟರ್ನ್ ಮಾಡುವವರ ಹತ್ತಿರ, ಕುಗ್ಗುವಿಕೆಯನ್ನೂ ಯಂತ್ರದಲ್ಲಿ ಕೊರೆಯಲು ಬೇಕಾದ ದಪ್ಪವನ್ನೂ ಸೇರಿಸಿ, ಮರದ ಅಚ್ಚು ಪ್ರತ್ಯೇಕವಾಗಿ ಮಾಡಿಸಬೇಕು. ಒಂದೇ ಕವರಿಗೆ ಇದು ದುಬಾರಿ. ಅದೇ ಗಾಡಿಯಿರುವ ನಾಲ್ಕೈದು ಜನ ಸೇರಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ, ಅಚ್ಚು ಮುಂದಿನವರಿಗೂ ಉಳಿಯುತ್ತದೆ.

ಕೇಸು ಒಡೆದಿದ್ದರೆ ಹೊಸ ಎರಕಕ್ಕಿಂತ ಟಿಗ್ ವೆಲ್ಡಿಂಗ್ ಒಳ್ಳೆಯದು, ಮೂಲ ನಂಬರೂ ಉಳಿಯುತ್ತದೆ. ವೆಲ್ಡಿಂಗಿಗೆ ಮುನ್ನ ಕೇಸಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡ ಎಣ್ಣೆಯನ್ನು ಬಿಸಿ ಮಾಡಿ ತೆಗೆಸಬೇಕು, ಎರಡೂ ಅರ್ಧ ಕೇಸುಗಳನ್ನು ಬೋಲ್ಟಿನಿಂದ ಬಿಗಿದೇ ಬೆಸೆಯಬೇಕು, ಇಲ್ಲವಾದರೆ ಮುಖ ಸೊಟ್ಟಗಾಗುತ್ತದೆ. ನಂತರ ಬೇರಿಂಗ್ ಕೂರಿಸುವಾಗ ಸುತ್ತಿಗೆ ಬೇಡ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು ನೀರಿನ ಹನಿ ಚುರ್ ಎನ್ನುವಷ್ಟು ಕಾಯಿಸಿ, ಬೇರಿಂಗನ್ನು ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಇಟ್ಟು ತಂಪಾಗಿಸಿದರೆ ಅದು ತನ್ನ ಗೂಡಿನೊಳಗೆ ಕೈಯಿಂದ ಇಟ್ಟ ಕೂಡಲೇ ಇಳಿಯುತ್ತದೆ.